ತಾಳ್ಮೆಯ ವಿಚಾರ

ರಾಯಬಾಗದ ಸ್ಟೇಶನ್ನಿನಲ್ಲಾಗಲಿ ಸಂತೆಯಲ್ಲಾಗಲಿ ಅವಸರಪಡುವವನಿಗೆ ಪಕ್ಕದವನು ಹೇಳುವ ಮಾತು ‘ತಡೀರಿ’ ಎಂದು, ಇಲ್ಲವೆ ‘ತಾಳ್ರಿ’ ಎಂದು. ಎರಡಕ್ಕೂ ಕಾಯಿರಿ ಎಂಬುದೇ ಅರ್ಥ. ಆದರೆ ಅದೇ ಮನುಷ್ಯನು ರಾತ್ರಿ ಹಲ್ಲುನೋವಿನಿಂದ ನರಳುವಾಗ ‘ತಾಳಲಾರೆ’ ಎನ್ನುತ್ತಾನೆ. ಅಲ್ಲಿ ತಾಳುವುದೆಂದರೆ ಹೊರುವುದು. ಪುರಾಣಿಕರು ‘ಭಗವಂತನು ವಾಮನರೂಪವನ್ನು ತಾಳಿದನು’ ಎನ್ನುವಾಗ ಅದೇ ಧಾತುವಿಗೆ ಧರಿಸುವುದೆಂಬ ಅರ್ಥ ಬರುತ್ತದೆ. ಕಾಯುವುದು, ಹೊರುವುದು, ಧರಿಸುವುದು ಎಂಬ ಮೂರನ್ನೂ ಒಂದೇ ಧಾತುವಿನಲ್ಲಿ ಅಡಗಿಸಿಟ್ಟ ಭಾಷೆಯು ಸಾಮಾನ್ಯವಾದುದಲ್ಲ. ಕ್ರೈಸ್ತರ ಧರ್ಮಗ್ರಂಥವನ್ನು ಕನ್ನಡಿಸಿದವರು ಆ ಮತದ ಒಂದು ಮುಖ್ಯ ಗುಣಕ್ಕೆ ತಾಳ್ಮೆ, ಸೈರಣೆ ಎಂಬ ಶಬ್ದಗಳನ್ನು ಆರಿಸಿಕೊಂಡದ್ದು ಉಚಿತವೇ ಆಯಿತು.

ಹೊಸ ಒಡಂಬಡಿಕೆಯ ಮೂಲವು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಈ ಗುಣದ ಹೆಸರು ‘ಹುಪೊಮೊನೆ’. ಪದಚ್ಛೇದ ಮಾಡಿದರೆ ‘ಹುಪೊ’ ಎಂದರೆ ಕೆಳಗೆ, ‘ಮೊನೆ’ ಎಂದರೆ ನಿಲ್ಲುವಿಕೆ. ಸಂಸ್ಕೃತವನ್ನು ಬಲ್ಲ ವಾಚಕರು ‘ಹುಪೊ’ದಲ್ಲಿ ತಮ್ಮ ‘ಉಪ’ವನ್ನು ಕಂಡು ಸಂತೋಷಪಡಬಹುದು, ಅವೆರಡೂ ಒಂದೇ ಮೂಲದಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಹೊರೆಯ ಕೆಳಗಿನಿಂದ ಜಾರಿಕೊಳ್ಳದೆ ನಿಂತಿರುವುದು, ಇದಿಷ್ಟೇ ಆ ಶಬ್ದದ ಅರ್ಥ. ನೊಗವನ್ನು ಹೊತ್ತ ಎತ್ತು ಸುಮ್ಮನೆ ನಿಂತಿರುವುದಿಲ್ಲ, ನಡೆಯುತ್ತಿರುತ್ತದೆ. ತಾಳ್ಮೆಯೆಂದರೆ ಕೈಕಟ್ಟಿ ಕುಳಿತು ದುಃಖವನ್ನು ನುಂಗುವುದೆಂದು ತಿಳಿದವರು ಆ ಎತ್ತನ್ನು ಒಮ್ಮೆ ನೋಡಬೇಕು.

ನಮ್ಮ ಶಾಸ್ತ್ರಗಳಲ್ಲಿಯೂ ಇದಕ್ಕೆ ಸಮೀಪದ ಮಾತುಗಳು ಇಲ್ಲದಿಲ್ಲ. ಶೀತೋಷ್ಣಗಳನ್ನು ಸಹಿಸುವುದಕ್ಕೆ ತಿತಿಕ್ಷೆಯೆಂದೂ, ಹಿಡಿದುದನ್ನು ಬಿಡದ ಚಿತ್ತದಾರ್ಢ್ಯಕ್ಕೆ ಧೃತಿಯೆಂದೂ ಹೆಸರು. ಪತಂಜಲಿಯು ಅಭ್ಯಾಸದ ಲಕ್ಷಣವನ್ನು ಹೇಳುವಾಗ ಅದು ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು ಎಂದು ಮೂರು ನಿಯಮಗಳನ್ನಿಡುತ್ತಾನೆ. ಮೊದಲನೆಯದನ್ನೂ ಕಡೆಯದನ್ನೂ ಕ್ರೈಸ್ತ ಗುರುಗಳು ತಡೆಯಿಲ್ಲದೆ ಒಪ್ಪಿಯಾರು. ನಡುವಿನದರಲ್ಲಿ ಮಾತ್ರ ಒಂದು ಸೂಕ್ಷ್ಮ ಭೇದವುಂಟು. ನಿರಂತರತೆಯು ಯೋಗಿಗೆ ಸಾಧ್ಯವಾದೀತು. ಮಕ್ಕಳಿಗೆ ಜ್ವರ ಬರುವ, ಸಾಲಗಾರನು ಬಾಗಿಲಿಗೆ ಬರುವ, ಸ್ವಂತ ಮನಸ್ಸೇ ಒಂದು ದಿನ ಮುನಿದು ಕೂಡುವ ಗೃಹಸ್ಥನಿಗೆ ಅದು ಹೇಗೆ ಒದಗೀತು? ಸುವಾರ್ತೆಯು ಈ ಗೃಹಸ್ಥನನ್ನು ಕುರಿತೇ ಮಾತಾಡುವಂತೆ ತೋರುತ್ತದೆ. ಯೇಸುವಿನ ಶಿಷ್ಯರಲ್ಲಿ ಮುಂದಾಳಾದ ಪೇತ್ರನು ಒಂದೇ ರಾತ್ರಿಯಲ್ಲಿ, ಕೋಳಿ ಕೂಗುವುದರೊಳಗೆ, ಆತನನ್ನು ಅರಿಯೆನೆಂದು ಮೂರು ಸಲ ಹೇಳಿಬಿಟ್ಟನು. ಇದಕ್ಕಿಂತ ದೊಡ್ಡ ಭಂಗ ಯಾವ ವ್ರತಕ್ಕೆ ಬಂದೀತು? ಆದರೂ ಸರೋವರದ ದಡದಲ್ಲಿ ಅದೇ ಮನುಷ್ಯನಿಗೆ, ಮೂರು ಸಲವೇ ಪ್ರಶ್ನೆ ಮಾಡಿ, ಮಂದೆಯನ್ನು ಮೇಯಿಸುವ ಕೆಲಸವನ್ನು ಮರಳಿ ಒಪ್ಪಿಸಲಾಯಿತು. ಕಡಿದ ಎಳೆಯನ್ನು ಹುಡುಕಿ ಮತ್ತೆ ಗಂಟುಹಾಕುವುದೇ ಇಲ್ಲಿಯ ತಾಳ್ಮೆ.

ಲೂಕನ ಸುವಾರ್ತೆಯಲ್ಲಿ ಒಂದು ಸಾಮ್ಯವಿದೆ. ಒಕ್ಕಲುತನ ಬಲ್ಲ ಊರಿನವರಿಗೆ ಅದರ ವ್ಯಾಖ್ಯಾನವೇ ಬೇಡ. ಮೂರು ವರ್ಷ ಕಾದರೂ ಹಣ್ಣು ಬಿಡದ ಅಂಜೂರದ ಗಿಡವನ್ನು ಕಡಿದುಹಾಕೆಂದು ತೋಟದ ಒಡೆಯನು ಹೇಳುತ್ತಾನೆ. ತೋಟಗಾರನು ಇನ್ನೊಂದು ವರ್ಷ ಬಿಡಬೇಕೆಂದೂ ಬುಡವನ್ನು ಅಗೆದು ಗೊಬ್ಬರ ಹಾಕುವೆನೆಂದೂ ಬೇಡಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು. ಮರುವರ್ಷ ಗಿಡವು ಹಣ್ಣು ಬಿಟ್ಟಿತೋ ಇಲ್ಲವೋ ಹೇಳಿಲ್ಲ. ಕೇಳುವ ಹುಡುಗರು ಮುಂದೇನಾಯಿತೆಂದು ಕೇಳದೆ ಬಿಡರು. ಆದರೆ ತೋಟಗಾರನಿಗೆ ಗೊತ್ತಿದ್ದುದು ಗುದ್ದಲಿ ಮತ್ತು ಗೊಬ್ಬರ ಎರಡೇ.

ಫಲವನ್ನು ಕಾಣದೆ ಬುಡವನ್ನು ಅಗೆಯುವ ಇಂಥ ಕೆಲಸವು ಈ ಸೀಮೆಗೆ ಅಪರಿಚಿತವಾದುದಲ್ಲ. ರಾಯಬಾಗದಲ್ಲಿ ರೈಲು ಹತ್ತಿ ಚಿಂಚಲಿ, ಕುಡಚಿಗಳನ್ನು ಕಳೆದು, ಕೃಷ್ಣೆಯನ್ನು ದಾಟಿ, ಶೇಡಬಾಳದ ಮೇಲಿಂದ ಹೋದರೆ ಮಿರಜವು ಸಿಕ್ಕುತ್ತದೆ. ಕೆನಡಾದೇಶದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ವಾನ್ಲೆಸ್ ಎಂಬವರು 1889ರಲ್ಲಿ ಅಮೇರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದು, 1894ರಲ್ಲಿ ಆ ಊರಿನಲ್ಲಿ ಆಸ್ಪತ್ರೆಯನ್ನು ತೆರೆದರು. ಅವರ ಶಸ್ತ್ರಚಿಕಿತ್ಸೆಯ ಕೀರ್ತಿಯನ್ನು ಹೇಳುವವರು ಬಹಳ. ಅವರು ಅಲ್ಲಿಯೇ ಕುಷ್ಠರೋಗಿಗಳಿಗೂ ಒಂದು ಆಶ್ರಯವನ್ನು ಏರ್ಪಡಿಸಿದ್ದರೆಂಬುದನ್ನು ಹೇಳುವವರು ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಫಲವು ಬೇಗ ಕಾಣುತ್ತದೆ: ಕಣ್ಣಿನ ಪೊರೆ ತೆಗೆದರೆ ಮುದುಕನು ಮೊಮ್ಮಗನ ಮುಖವನ್ನು ಕಾಣುತ್ತಾನೆ. ಕುಷ್ಠಕ್ಕೆ ಅಂದು ಇದ್ದುದು ಚೌಲ್ಮೂಗ್ರಾ ಎಣ್ಣೆಯಂಥ ಔಷಧ. ಅದರಿಂದ ನಂಬಿಕೊಳ್ಳತಕ್ಕ ಗುಣವೇನೂ ಇರಲಿಲ್ಲ. ಸಲ್ಫೋನ್ ಜಾತಿಯ ಔಷಧಗಳು ಬಂದದ್ದು 1940ರ ನಂತರದ ಮಾತು. ಅಲ್ಲಿಯವರೆಗೆ ಎಲ್ಲೆಡೆಯೂ ಇಂಥ ರೋಗಿಗಳ ಶುಶ್ರೂಷೆಗೆ ನಿಂತವರು ವಾಸಿಯಾಗುವ ಭರವಸೆಯಿಲ್ಲದ ಹುಣ್ಣನ್ನು ಬೆಳಿಗ್ಗೆ ತೊಳೆದು ಕಟ್ಟಿ, ಮರುದಿನ ಅದನ್ನೇ ಬಿಚ್ಚಿ ಮತ್ತೆ ತೊಳೆದು ಕಟ್ಟಿದರು. ಇದನ್ನು ಪ್ರಾರ್ಥನೆಯೆಂದು ಕರೆಯಬೇಕೋ ಕೂಲಿಯೆಂದು ಕರೆಯಬೇಕೋ ಎಂಬ ಚರ್ಚೆ ಅವರಿಗೆ ಬೇಕಾಗಿರಲಿಲ್ಲವೆಂದು ತೋರುತ್ತದೆ.

ದೇಹದ ಶುಶ್ರೂಷೆಯಲ್ಲಿರುವಂತೆ ಭಾಷೆಯ ಶುಶ್ರೂಷೆಯಲ್ಲಿಯೂ ಈ ಗುಣವು ಪರೀಕ್ಷೆಗೊಳಗಾದದ್ದುಂಟು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದರು. ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಗಿ ಹೊರಬೀಳುವಾಗ ಇಪ್ಪತ್ತು ವರ್ಷಗಳು ಮೀರಿದ್ದವು. ಅವರ ಕನ್ನಡವು ನಯವಾದುದಲ್ಲವೆಂದು ಮುಂದಿನವರು ಅದನ್ನು ತಿದ್ದಿದರು. ತಿದ್ದಿದ್ದನ್ನು ಮತ್ತೊಬ್ಬರು ತಿದ್ದಿದರು. ಅದೇ ಮಿಶನ್ನಿನ ವಿಲಿಯಂ ರೀವ್ ಎಂಬವರು 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನು ಹೊರತಂದರು. ಅದೂ ಸಾಲದಾಯಿತು. ಸಾಲದಾದ ಆ ಸ್ಥಾನದಲ್ಲಿ ಬಂದು ನಿಂತವರು ಫರ್ಡಿನಂಡ್ ಕಿಟೆಲ್.

ಕಿಟೆಲರು ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾ ಸೀಮೆಯಲ್ಲಿ 1832ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಯೆಹೂದ್ಯರಿಗೆ ಯೆಹೂದ್ಯನಂತಾದ ಪೌಲನ ಮೇಲ್ಪಂಕ್ತಿಯನ್ನು ಹಿಡಿದು ಕನ್ನಡಿಗರಲ್ಲಿ ಕನ್ನಡಿಗನಾಗಬೇಕೆಂಬುದು ಅವರ ಹಂಬಲವಾಗಿತ್ತು. ಈ ಹಂಬಲವು ಮಿಶನ್ನಿನ ಎಲ್ಲರಿಗೂ ರುಚಿಸಿದಂತಿಲ್ಲ. ಸಹೋದ್ಯೋಗಿಗಳೊಂದಿಗೆ ಭಿನ್ನಾಭಿಪ್ರಾಯಗಳು ಹುಟ್ಟಿದವು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚುಹಾಕಿಸಿದರು. ಜೈನಕವಿಯ ಛಂದಶ್ಶಾಸ್ತ್ರದಿಂದ ಕ್ರಿಸ್ತನ ಸಭೆಗೆ ಯಾವ ಪ್ರಯೋಜನವೆಂದು ಕೇಳುವವರು ಆಗಲೂ ಇದ್ದಿರಬೇಕು. ಮತಪ್ರಚಾರದ ಸಂಸ್ಥೆಯ ವರದಿಯಲ್ಲಿ ಎಣಿಕೆಗೆ ಬರುವವರು ದೀಕ್ಷಾಸ್ನಾನ ಪಡೆದವರು. ಶಬ್ದಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ.

ಇಲ್ಲಿಯೇ ಹಠಕ್ಕೂ ತಾಳ್ಮೆಗೂ ಇರುವ ಗೆರೆಯನ್ನು ನೋಡಬೇಕು. ಹಠಮಾರಿಯು ತನ್ನ ದಾರಿಯೇ ಸರಿಯೆಂದು ತೋರಿಸಲು ನಡೆಯುತ್ತಾನೆ. ಅವನಿಗೆ ಎದುರಾಳಿ ಬೇಕು. ಕಿಟೆಲರು ತಮ್ಮ ಸಂಸ್ಥೆಯನ್ನು ಧಿಕ್ಕರಿಸಿ ಹೊರಬೀಳಲಿಲ್ಲ, ಕೋಶವನ್ನು ಕೆಳಗಿಡಲೂ ಇಲ್ಲ. ಅವರ ಕೆಲಸವು ನಿರಂತರವಾಗಿ ನಡೆಯಿತೆಂದೂ ಹೇಳುವಂತಿಲ್ಲ. ಮೊದಲ ಪತ್ನಿ ತೀರಿಕೊಂಡರು. 1877ರಲ್ಲಿ ಜರ್ಮನಿಗೆ ಮರಳಬೇಕಾಯಿತು. ಪತಂಜಲಿಯ ಎರಡನೆಯ ನಿಯಮದ ಪ್ರಕಾರ ಇಲ್ಲಿಗೆ ವ್ರತವು ಮುರಿದಂತೆ. ಆದರೆ 1883ರಲ್ಲಿ, ಐವತ್ತು ದಾಟಿದ ಮೇಲೆ, ಕೋಶವನ್ನು ಮುಗಿಸುವುದಕ್ಕೆಂದು ಅವರು ಮತ್ತೆ ಹಡಗು ಹತ್ತಿ ಕನ್ನಡನಾಡಿಗೆ ಬಂದರು. ಮೊದಲನೆಯ ಸಲ ಬಂದದ್ದು ತಾರುಣ್ಯದ ಉತ್ಸಾಹದಿಂದ, ಅದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ಸಲ ಬಂದದ್ದೇ ವಿಶೇಷ. ನೊಗದ ಭಾರವೆಷ್ಟೆಂದು ಅರಿತ ಹೆಗಲನ್ನೇ ಅವರು ಮತ್ತೆ ಕೊಟ್ಟರು.

1892ರಲ್ಲಿ ಅವರು ಭಾರತವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಿದ್ದಿತು. ಪುಟಗಳು 1,700ಕ್ಕೂ ಮೇಲೆ. ಶಬ್ದಗಳು ಸುಮಾರು 70,000. ದಿನಕ್ಕೆ ಹತ್ತು ಶಬ್ದಗಳಂತೆ, ಭಾನುವಾರವನ್ನೂ ಜ್ವರದ ದಿನವನ್ನೂ ಬಿಡದೆ ಬರೆದರೂ ಇಷ್ಟು ಮುಗಿಯಲು ಹತ್ತೊಂಬತ್ತು ವರ್ಷಗಳು ಬೇಕು. ಅಲ್ಲಿ ಶಬ್ದಕ್ಕೆ ಅರ್ಥವನ್ನು ಹೇಳಿ ಸುಮ್ಮನಾಗುವ ಪದ್ಧತಿಯಿಲ್ಲ. ತಮಿಳು, ತೆಲುಗು, ತುಳು, ಮಲೆಯಾಳಗಳಲ್ಲಿ ಅದರ ಬಳಗ ಯಾವುದು, ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಕುಳಿತಿದೆ ಎಂಬುದೆಲ್ಲವೂ ಉಂಟು. ಆಡುಮಾತಿನ ಶಬ್ದವಾದರೆ ಅದು ಮೈಸೂರಿನದೋ ಎಂದು ಗುರುತಿಸಿರುತ್ತದೆ. ಇಲ್ಲವೆ ‘ದಕ್ಷಿಣ ಮರಾಠಾ ಸೀಮೆ’ಯದೆಂದು ಸಂಕ್ಷಿಪ್ತವಾಗಿ ಸೂಚಿಸಿರುತ್ತದೆ. ಈ ದಕ್ಷಿಣ ಮರಾಠಾ ಸೀಮೆಯೆಂದರೆ ಬೇರೆ ಯಾವುದೂ ಅಲ್ಲ, ಧಾರವಾಡ ಬೆಳಗಾವಿಗಳ ಈ ಕಡೆಯ ನಾಡು. ಮರಾಠಿಯ ಬೆರಕೆಯೆಂದು ಪಂಡಿತರು ಮೂಗುಮುರಿದ ಕನ್ನಡವನ್ನು ಕಿಟೆಲರು ಪಂಪನ ಪಂಕ್ತಿಯಲ್ಲಿಯೇ ಕೂಡಿಸಿ ಎಲೆ ಹಾಕಿದರು. ಇಷ್ಟಾಗಿಯೂ ಆ ಸಂಕ್ಷೇಪಾಕ್ಷರವನ್ನು ಕಂಡು ಇದು ತನ್ನ ಊರಿನ ಮಾತಿನ ಗುರುತೆಂದು ತಿಳಿಯುವ ರಾಯಬಾಗದ ವಿದ್ಯಾರ್ಥಿಗಳು ಎಷ್ಟಿರುವರೋ!

ಕೋಶವನ್ನು ಬರೆಯುವುದು ಭಕ್ತಿಯೇ ಎಂದು ಕೇಳುವವರಿಗೆ ಉತ್ತರವು ಕೋಶದಲ್ಲಿಯೇ ಇದೆ. ಪ್ರೀತಿಯಿಲ್ಲದವನು ಗಾದೆಗಳನ್ನು ಆಯುತ್ತ ವರ್ಷಗಳನ್ನು ಕಳೆಯಲಾರನು. ಸುವಾರ್ತೆಯನ್ನು ಸಾರುವವರಿಗೆ ಸಾಧನವಾಗಲೆಂದು ಹೊರಟ ಗ್ರಂಥವು ಶೈವರ, ಜೈನರ, ವೈಷ್ಣವರ ಮನೆಗಳಲ್ಲಿ ನೆಲೆಸಿತು. ಇದನ್ನು ಮಿಶನ್ನಿನ ಸೋಲೆಂದು ಹೇಳಬಹುದು. ಆದರೆ ಬೆಲೆ ಕಟ್ಟುವವನು ತಾನಲ್ಲವೆಂದು ಬಗೆದವನಿಗೆ ಸೋಲಿನ ಲೆಕ್ಕವನ್ನಿಡುವ ಅವಶ್ಯಕತೆಯೂ ಬೀಳುವುದಿಲ್ಲ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅಲ್ಲಿಗೂ ಲೇಖನಿ ಕೆಳಗಿಳಿಯಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದು ಬಾಕಿಯಿತ್ತು. ಕನ್ನಡವನ್ನಾಡುವವರು ಯಾರೂ ಇಲ್ಲದ ಊರಿನಲ್ಲಿ ಕುಳಿತು ಅದನ್ನೂ ಮುಗಿಸಿದರು. 1903ರಲ್ಲಿ ಆ ವ್ಯಾಕರಣವು ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಕಿಟೆಲರು ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ನಿಘಂಟಿನ ಬುಡವನ್ನು ಅಗೆಯುವ ಕೆಲಸವು ಅವರ ನಂತರವೂ ನಿಲ್ಲಲಿಲ್ಲ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಬೆಳೆಸಿದರು. ಮದರಾಸು ವಿಶ್ವವಿದ್ಯಾನಿಲಯವು 1968ರಿಂದ ಮೊದಲುಮಾಡಿ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿತು.