ಅಪಾಚೆಗೆ ಮೌಸ್ ಸಾಕಾ?

"ಹೋಯ್, ಆ ಫೈಲ್ ಕಂಡ್ರೆ ತಲಿ ತಿರ್ಗತ್ತ್ ಮಾರಾಯಾ, ಮೌಸಂಗೇ ಆಪ್ದ್ ಎಂತಾರೂ ಇತ್ತಾ?" ಅಂತ ಬೈಂದೂರಿನ ಗೆಳೆಯ ಕೇಳಿದ. ಬ್ರಹ್ಮಾವರದಲ್ಲಿರುವ ಅವನ ಅಂಗಡಿಯ ಲೆಕ್ಕವೆಲ್ಲ ಲಿನಕ್ಸ್ ಮೇಲಿನ ಅಪಾಚೆಯಲ್ಲೇ ನಡೆಯೋದು.

ಇದೆ. ಹಿಂದೆ ರೆಡ್ ಹ್ಯಾಟ್‌ನಲ್ಲಿ ಸಿಸ್ಟಮ್-ಕಾನ್ಫಿಗ್-ಎಚ್‌ಟಿಟಿಪಿಡಿ ಅಂತ ಒಂದಿತ್ತು. ಸೇವ್ ಮಾಡಿದರೆ ಇಡೀ ಎಚ್‌ಟಿಟಿಪಿಡಿ.ಕಾನ್ಫ್ ಫೈಲನ್ನೇ ಹೊಸದಾಗಿ ಬರೆದುಬಿಡ್ತಿತ್ತು. ನಾವು ಕೈಯಾರೆ ಸೇರಿಸಿದ್ದೆಲ್ಲ ಗೋವಿಂದ! 1997ರಲ್ಲಿ ಜೇಮೀ ಕ್ಯಾಮರೂನ್ ಶುರು ಮಾಡಿದ ವೆಬ್‌ಮಿನ್ ಹಾಗಲ್ಲ. ಬ್ರೌಸರಿನಲ್ಲೇ 10000ನೇ ಪೋರ್ಟಲ್ಲಿ ತೆರೆಯುತ್ತೆ, ಬೇಕಾದ ಸಾಲನ್ನಷ್ಟೇ ಮುಟ್ಟುತ್ತೆ. (ಆ ಪೋರ್ಟನ್ನ ಊರಿಗೆಲ್ಲ ತೆರೆದಿಡಬೇಡಿ, ಮತ್ತೆ!)

ಆದರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಅಪಾಚೆ ಏಳದಿದ್ದರೆ? ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್ ಹೇಳೋದು ಸಾಲಿನ ನಂಬರು ಮತ್ತು ಅಲ್ಲಿನ ತಪ್ಪು. ಅದಕ್ಕೇ ಅವನಿಗೆ ಅಂದೆ: ವೆಬ್‌ಮಿನ್‌ನಲ್ಲಿ ಒಂದು ಬದಲಿಸು, ಕೂಡಲೇ ಫೈಲ್ ತೆರೆದು ಯಾವ ಸಾಲು ಬದಲಾಯ್ತು ನೋಡು. ಈಗ ದಿನಕ್ಕೊಂದು ಸಾಲು ಓದ್ತಿದ್ದಾನೆ.