ನಮ್ಮೂರ ನೆಟ್‌ವರ್ಕೂ, ತಂಗಿಯ ಲ್ಯಾಪ್‌ಟಾಪೂ...

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಆಫೀಸು, ಡೆಡ್‌ಲೈನು ಅಂತ ನೆಪಗಳು ಇದ್ದೇ ಇರುತ್ತವೆ ಬಿಡಿ. ಆದರೆ ಈ ವಿಷಯ ಮಾತ್ರ ಬರೆದು ಮುಗಿಸದಿದ್ದರೆ ನನಗೆ ಸಮಾಧಾನ ಇಲ್ಲ. ಸ್ವಲ್ಪ ಟೆಕ್ನಿಕಲ್ ಇದೆ, ಸಹಿಸಿಕೊಳ್ಳಿ.

2025ರ ಮಾರ್ಚಿನಲ್ಲಿ ಹೋಳಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ನಮ್ಮದು ನವಲಗುಂದದಿಂದ ಅಣ್ಣಿಗೇರಿ ಕಡೆಗಿರುವ ಒಂದು ಸಣ್ಣ ಹಳ್ಳಿ. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ನಾವು ಪಕ್ಕದ ಊರಿನವರು ಹೋಗದಿದ್ದರೆ ಹೇಗೆ? ಪ್ರತಿ ವರ್ಷ ತಂಗಿಯೇ ಎಲ್ಲರಿಗಿಂತ ಮೊದಲು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಈ ಸಲ "ನೀವ ಹೋಗಿ ಬರ್ರಿ" ಅಂದುಬಿಟ್ಟಳು.

ಅವಳು ಬಿಸಿಎ ಕೊನೇ ವರ್ಷ. ಫೆಬ್ರವರಿಯಲ್ಲಿ ಒಂದು ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಮೊದಲ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲೇ ದನಿ ತುಂಡು ತುಂಡಾಗಿ, ಮುಖ ಪರದೆ ಮೇಲೆ ಕಲ್ಲಿನ ಹಾಗೆ ನಿಂತು, ನಾಲ್ಕು ಸಲ ಕಡಿದು, ಐದನೇ ಸಲ ಸೇರಿಕೊಳ್ಳುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಾಗಿತ್ತು. "ನಿಮ್ಮ ಮಾತು ನಮಗೆ ಕೇಳಿಸಲಿಲ್ಲ" ಅಂತ ಒಂದು ಇಮೇಲ್ ಬಂತು, ಅಷ್ಟೇ.

ಆ ಲ್ಯಾಪ್‌ಟಾಪ್ ಕೊಟ್ಟವನು ನಾನು. 2016ರಲ್ಲಿ, ನಾನು ಇಂಜಿನಿಯರಿಂಗ್ ಓದುವಾಗ, ಅಪ್ಪ ಕಡಲೆ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಹಳೇದಾಗಿ ವಿಂಡೋಸ್ ಎಳೆಯಲಾರದೆ ತೆವಳುತ್ತಿತ್ತು. 2025ರ ಅಕ್ಟೋಬರಿಗೆ ವಿಂಡೋಸ್ 10ಕ್ಕೆ ಅಪ್‌ಡೇಟ್‌ಗಳೂ ನಿಲ್ಲುವುದಿತ್ತು. ಹಾಗಾಗಿ ದೀಪಾವಳಿ ಆದಮೇಲೆ ನಾನೇ ಬೆಂಗಳೂರಿನ ರೂಮಿನಲ್ಲಿ ಕೂತು ಲಿನಕ್ಸ್ ಮಿಂಟ್ ಹಾಕಿ, "ನೋಡು, ಹೊಸದರಂಗ ಓಡ್ತದ" ಅಂತ ಜಂಬದಿಂದ ಕಳಿಸಿದ್ದೆ.

ಡಿಸೆಂಬರಿನಲ್ಲೇ ಅವಳು ಫೋನ್ ಮಾಡಿ ಹೇಳಿದ್ದಳು. "ಅಣ್ಣಾ, ಫೋನಿನ್ಯಾಗ ಚಲೋ ಬರ್ತೈತಿ. ಲ್ಯಾಪ್‌ಟಾಪಿನ್ಯಾಗ ಅಷ್ಟ ನಿಂದರ್ತೈತಿ. ಅದೂ ಪಡಸಾಲ್ಯಾಗ ಕುಂತ್ರ ಬರ್ತೈತಿ, ಒಳಗಿನ ಖೋಲಿಗೆ ಹೋದ್ರ ಹೋತು."

ನಾನು ಏನಂದೆ ಗೊತ್ತಾ? "ಹಳ್ಳಿ ನೆಟ್‌ವರ್ಕ್ ಅಂದ್ರ ಹಂಗ ಬಿಡವಾ. ಇಂಟರ್‌ವ್ಯೂ ಇದ್ದಾಗ ಹುಬ್ಬಳ್ಳಿಗೆ ಹೋಗಿ ಯಾರದರ ಮನ್ಯಾಗ ಕುಂದರು."

ಅವಳ ಆ ಮಾತನ್ನ ಈಗ ಮತ್ತೊಮ್ಮೆ ಓದಿ ನೋಡಿ. ಫೋನಿನಲ್ಲಿ ಬರುತ್ತೆ, ಅಂದರೆ ಊರಿನ ಲೈನು ಸರಿ ಇದೆ, ರೂಟರೂ ಸರಿ ಇದೆ. ರೂಟರಿನ ಹತ್ತಿರ ಲ್ಯಾಪ್‌ಟಾಪೂ ನಡೆಯುತ್ತೆ, ದೂರ ಹೋದರೆ ನಿಲ್ಲುತ್ತೆ. ಅಂದರೆ ಸಿಗ್ನಲ್ ಹಿಡಿಯುವುದರಲ್ಲಿ ತೊಂದರೆ. ಎರಡು ಸಾಲಿನಲ್ಲಿ ಇಷ್ಟು ಚೊಕ್ಕವಾದ ಬಗ್ ರಿಪೋರ್ಟು ನನ್ನ ಆಫೀಸಿನಲ್ಲಿ ಯಾವ ಗ್ರಾಹಕನೂ ಕೊಟ್ಟಿದ್ದಿಲ್ಲ! ಅದೇ ಟಿಕೆಟ್ಟು ಆಫೀಸಿಗೆ ಬಂದಿದ್ದರೆ ಆವತ್ತೇ ಕೂತು ನೋಡುತ್ತಿದ್ದೆ. ಊರಿನಿಂದ, ತಂಗಿಯಿಂದ ಬಂತು ನೋಡಿ... ಮುಚ್ಚಿ ಹಾಕಿದೆ.

ಹೋಳಿಯ ಮರುದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಲ್ಯಾಪ್‌ಟಾಪ್ ತಗೊಂಡು ಅವಳ ಖೋಲಿಯಲ್ಲಿ ಕೂತೆ. ಮೊದಲು ಮಾಡಿದ್ದು ಸ್ಪೀಡ್ ಟೆಸ್ಟ್ ಅಲ್ಲ, ನಮ್ಮ ಮನೆಯ ರೂಟರಿಗೇ ಪಿಂಗ್. ಇದನ್ನ ಎಲ್ಲರೂ ಮೊದಲು ಮಾಡಬೇಕು. ಪಡಸಾಲೆಯಲ್ಲಿರುವ ರೂಟರ್ ತಲುಪುವುದರಲ್ಲೇ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದರೆ ಹೊರಗಿನ ಇಂಟರ್‌ನೆಟ್ ಕಂಪನಿಯನ್ನು ಬೈದು ಏನು ಉಪಯೋಗ? ಆಗಿದ್ದೂ ಅದೇ. ಹತ್ತರಲ್ಲಿ ಮೂರು ಪ್ಯಾಕೆಟ್ ಮಾಯ! ಉಳಿದವು ಅರ್ಧ ಸೆಕೆಂಡ್ ತಗೊಂಡು ಬರುತ್ತಿದ್ದವು. ಪಕ್ಕದಲ್ಲಿ ನನ್ನ ಫೋನು, ಅದೇ ರೂಟರು, ಅದೇ 2.4 ಗಿಗಾಹರ್ಟ್ಸು (ನಮ್ಮ ರೂಟರಿನಲ್ಲಿ ಇರುವುದೇ ಅದೊಂದು), ಆರಾಮಾಗಿ ನಡೆಯುತ್ತಿತ್ತು.

ಆಮೇಲೆ 'ಐಡಬ್ಲ್ಯೂ' ಅನ್ನೋ ಕಮಾಂಡಿನಿಂದ ಸಿಗ್ನಲ್ ನೋಡಿದೆ. ಮೈನಸ್ 82 ಡಿಬಿಎಂ. ಇದು ಮೈನಸ್ ಲೆಕ್ಕ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50ರ ಹತ್ತಿರ ಇದ್ದರೆ ಭೇಷ್, 80 ದಾಟಿದರೆ ಕೈಬಿಟ್ಟ ಹಾಗೆ. ಪ್ರತಿ ಹತ್ತು ಅಂಕಿಗೆ ಸಿಗ್ನಲ್ಲಿನ ಶಕ್ತಿ ಹತ್ತು ಪಟ್ಟು ಬದಲಾಗುತ್ತೆ ಅನ್ನೋದು ನೆನಪಿರಲಿ.

ಮೊದಲು ಪವರ್ ಸೇವಿಂಗ್ ಮೇಲೆ ಅನುಮಾನ ಬಂತು. ಬ್ಯಾಟರಿ ಉಳಿಸಲು ವೈಫೈ ಚಿಪ್ಪು ನಡುನಡುವೆ ನಿದ್ದೆ ಹೋಗುತ್ತೆ, ಎದ್ದು ಬರುವಷ್ಟರಲ್ಲಿ ಮಾತು ತಡವಾಗುತ್ತೆ. ನೆಟ್‌ವರ್ಕ್ ಮ್ಯಾನೇಜರಿನ ಫೈಲಿನಲ್ಲಿ ವೈಫೈ ಪವರ್‌ಸೇವ್ ಎದುರು 3 ಇತ್ತು, ಅಂದರೆ ಚಾಲೂ. 2 ಮಾಡಿ ಬಂದ್ ಮಾಡಿದೆ. ಪಿಂಗ್ ಸ್ವಲ್ಪ ಸುಧಾರಿಸಿತು. ಸಿಗ್ನಲ್ ಮಾತ್ರ ಅಲ್ಲೇ, ಮೈನಸ್ 82.

ಕೊನೆಗೆ 'ಎಲ್‌ಎಸ್‌ಪಿಸಿಐ' ಹೊಡೆದು ಒಳಗೆ ಯಾವ ಚಿಪ್ಪಿದೆ ಅಂತ ನೋಡಿದೆ. ಆರ್‌ಟಿಎಲ್8723ಬಿಇ. ಈ ಹೆಸರು ಹಿಡಿದು ಕರ್ನಲ್ಲಿನ ಡ್ರೈವರ್ ಕೋಡ್ ತೆಗೆದು ಓದಿದಾಗ ತಲೆ ಗಿರ್ ಅಂತು. ಈ ಚಿಪ್ಪಿಗೆ ಆಂಟೆನಾ ಸಿಕ್ಕಿಸಲು ಎರಡು ಜಾಗ ಇರುತ್ತವೆ. ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಹಾಕಿ ಕಳಿಸುತ್ತಿದ್ದರು. ಅದರಲ್ಲಿ ತಪ್ಪಿಲ್ಲ. ಆದರೆ ಚಿಪ್ಪಿನೊಳಗಿನ ಮೆಮೊರಿಯಲ್ಲಿ ಇನ್ನೊಂದು ಜಾಗದ ವಿವರ ಬರೆದುಬಿಟ್ಟಿದ್ದರೆ? ಲಿನಕ್ಸಿನ ಡ್ರೈವರ್ ಅದನ್ನ ನಂಬಿ, ಏನೂ ಸಿಕ್ಕಿಸದ ಖಾಲಿ ಜಾಗದಿಂದ ಕೇಳಿಸಿಕೊಳ್ಳಲು ಒದ್ದಾಡುತ್ತೆ! ರೂಟರ್ ಪಕ್ಕದಲ್ಲಿದ್ದರೆ ಆಂಟೆನಾ ಇಲ್ಲದೆಯೂ ಅಷ್ಟಿಷ್ಟು ಕೇಳುತ್ತೆ. ಬೆಂಗಳೂರಿನಲ್ಲಿ ನನ್ನ ರೂಟರ್ ಇದ್ದದ್ದು ಮೇಜಿನ ಮೇಲೆ, ಕೈಯಳತೆಯಲ್ಲಿ. ನನಗೆ ಗೊತ್ತಾಗುವುದಾದರೂ ಹೇಗೆ?

ಇದಕ್ಕೆ ಅಂತಲೇ ಡ್ರೈವರಿನಲ್ಲಿ 'ಆಂಟ್_ಸೆಲ್' ಅಂತ ಒಂದು ಆಯ್ಕೆ ಇದೆ. 1 ಕೊಟ್ಟು ಡ್ರೈವರ್ ಇಳಿಸಿ ಏರಿಸಿದೆ, ಏನೂ ಆಗಲಿಲ್ಲ. 2 ಕೊಟ್ಟೆ. ಸಿಗ್ನಲ್ ಮೈನಸ್ 52! ಮೂವತ್ತು ಅಂಕಿ ವ್ಯತ್ಯಾಸ, ಅಂದರೆ ಸಾವಿರ ಪಟ್ಟು. ಪಿಂಗಿನಲ್ಲಿ ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ. ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಆ ಒಂದು ಸಾಲು ಬರೆದಿಟ್ಟೆ, ಪ್ರತಿ ಸಲ ಶುರುವಾದಾಗ ತಾನೇ ಹಾಕಿಕೊಳ್ಳಲಿ ಅಂತ. ಒಂದೇ ಸಾಲು. ಇದಕ್ಕೆ ಒಂದು ಇಂಟರ್‌ವ್ಯೂ ಹೋಯಿತು.

ತಂಗಿಯನ್ನು ಎಬ್ಬಿಸಿ ತೋರಿಸಿದೆ. ಖುಷಿಯಿಂದ ಕುಣೀತಾಳೆ ಅಂದುಕೊಂಡಿದ್ದೆ. ಸುಮ್ಮನೆ ನೋಡಿದಳು. ಆಮೇಲೆ ಮೆಲ್ಲಗೆ, "ನಾ ಅವತ್ತ ಹೇಳಿದ್ನೆಲ್ಲ" ಅಂದಳು. ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಟರ್‌ವ್ಯೂ ದಿನ ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿಕೋ ಅಂದಿದ್ದರೂ ಸಾಕಿತ್ತು, ಅದೂ ನನಗೆ ಹೊಳೆದಿರಲಿಲ್ಲ. ಯಾಕಂದರೆ ನಾನು ಯೋಚನೆಯೇ ಮಾಡಿರಲಿಲ್ಲ.

ಚಹಾ ಕುಡಿಯುತ್ತಾ ಕೂತಿದ್ದ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಹೊಲ ಇರುವುದು ಮಲಪ್ರಭಾ ಕಾಲುವೆಯ ಕಡೇ ತುದಿಯಲ್ಲಿ. ನವಿಲುತೀರ್ಥದ ಡ್ಯಾಮಿನಿಂದ ಬಿಟ್ಟ ನೀರು ನಮ್ಮ ಹೊಲ ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಅಪ್ಪ ಅಂದರು, "ನೀರು ಬರಲಿಲ್ಲಂದ್ರ ಕಡೀ ಹೊಲದಾಂವ್ಗ ಬೈದ್ರ ಏನ್ ಬಂತು? ಮ್ಯಾಲ ನಡಕೋತ ಹೋಗಿ ಯಾವ ತೂಬು ಮುಚ್ಚೈತಿ ನೋಡ್ಬೇಕಪ. ಇಷ್ಟ್ ಸಾಲಿ ಕಲ್ತಿ, ಇದು ಗೊತ್ತಾಗ್ಲಿಲ್ಲ?" ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಆರು ವರ್ಷ ಕೆಲಸ ಮಾಡಿದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ :)

ರಾತ್ರಿ ನಿದ್ದೆ ಬರಲಿಲ್ಲ. ಆ ಆಯ್ಕೆಯನ್ನು ಡ್ರೈವರಿಗೆ ಸೇರಿಸಿದ ಪುಣ್ಯಾತ್ಮ ಯಾರು ಅಂತ ಹುಡುಕಿದೆ. ಲ್ಯಾರಿ ಫಿಂಗರ್ ಅಂತ ಅಮೆರಿಕದ ಹಿರಿಯರು. 2016ರಲ್ಲಿ ಸೇರಿಸಿದ್ದು, ಅಪ್ಪ ನನಗೆ ಈ ಲ್ಯಾಪ್‌ಟಾಪ್ ಕೊಡಿಸಿದ ವರ್ಷವೇ! ಅದರ ಜೊತೆ ಅವರು ಬರೆದ ವಿವರಣೆಯೂ ಇದೆ. ಲ್ಯಾಪ್‌ಟಾಪ್ ಬಿಚ್ಚಿ ಆಂಟೆನಾದ ವೈರನ್ನು ಇನ್ನೊಂದು ಜಾಗಕ್ಕೆ ಹಾಕಬಹುದು, ಆದರೆ ಕೆಲವರಿಗೆ ವಾರಂಟಿ ಹೋಗುತ್ತೆ, ವಿಂಡೋಸ್ ಕೂಡ ಇಟ್ಟುಕೊಂಡವರಿಗೆ ಅಲ್ಲಿ ವೈಫೈ ಕೆಡುತ್ತೆ, ಅದಕ್ಕೇ ಈ ದಾರಿ ಅನ್ನೋ ಅರ್ಥದಲ್ಲಿ. ಎಲ್ಲೋ ಕೂತು, ಯಾರದೋ ವಾರಂಟಿಯ ಬಗ್ಗೆ ಕೂಡ ಯೋಚನೆ ಮಾಡಿದ ಮನುಷ್ಯ. 2005ರಿಂದ ಲಿನಕ್ಸ್ ಕರ್ನಲ್ಲಿಗೆ 1,500ಕ್ಕೂ ಹೆಚ್ಚು ಪ್ಯಾಚ್‌ಗಳನ್ನು ಕೊಟ್ಟಿದ್ದಾರೆ, ಬಹುಪಾಲು ಇಂಥ ವೈಫೈ ಡ್ರೈವರ್‌ಗಳಿಗೇ.

ಒಂದು ಥ್ಯಾಂಕ್ಸ್ ಬರೆಯೋಣ, ನವಲಗುಂದದ ಹೆಸರು ಅವರು ಕೇಳಿರಲಿಕ್ಕಿಲ್ಲ, ಇಲ್ಲೊಂದು ಹುಡುಗಿಗೆ ನಿಮ್ಮಿಂದ ಉಪಕಾರ ಆಯ್ತು ಅಂತ ತಿಳಿಸೋಣ ಅಂದುಕೊಂಡೆ. ಆಗ ಗೊತ್ತಾಯಿತು, ಅವರು 2024ರ ಜೂನಿನಲ್ಲೇ ತೀರಿಕೊಂಡಿದ್ದರು. ನಾನು ಈ ಲ್ಯಾಪ್‌ಟಾಪಿಗೆ ಮಿಂಟ್ ಹಾಕುವ ಹೊತ್ತಿಗೇ ಅವರು ಇರಲಿಲ್ಲ. ಮುಖ ನೋಡದವರ ಕಷ್ಟವನ್ನ ಅವರು ನಂಬಿದರು. ಒಡಹುಟ್ಟಿದವಳು ಬಾಯಿಬಿಟ್ಟು ಹೇಳಿದ್ದನ್ನ ನಾನು ನಂಬಲಿಲ್ಲ. ಆ ರಾತ್ರಿ ಬಹಳ ಹೊತ್ತು ಹಾಗೇ ಕೂತಿದ್ದೆ...

ಏಪ್ರಿಲಿನಲ್ಲಿ ತಂಗಿಗೆ ಇನ್ನೊಂದು ಇಂಟರ್‌ವ್ಯೂ ಬಂತು. ಒಳಗಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಕೂತು ನಲವತ್ತು ನಿಮಿಷ ಮಾತಾಡಿದಳಂತೆ, ಒಂದು ಸಲವೂ ಕಡಿಯಲಿಲ್ಲ. ಕೆಲಸ ಸಿಗಲಿಲ್ಲ. ನಾನು ಸಮಾಧಾನ ಹೇಳಲು ಫೋನ್ ಮಾಡಿದರೆ ಅವಳೇ, "ಇರ್ಲಿ ಬಿಡಣ್ಣಾ. ಈ ಸಲ ಉತ್ತರ ನನಗ ಬರಲಿಲ್ಲ. ಅದನ್ನರ ಕಲೀಬಹುದು" ಅಂದಳು.

ನಿಮ್ಮಲ್ಲೂ ಯಾರದ್ದಾದರೂ ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ವೈಫೈ ರೂಟರ್ ಬಿಟ್ಟು ನಾಲ್ಕು ಹೆಜ್ಜೆ ದೂರ ಹೋದರೆ ಸಾಯುತ್ತಿದ್ದರೆ, ಮೊದಲು ರೂಟರಿಗೆ ಪಿಂಗ್ ಮಾಡಿ ನೋಡಿ. ಸಿಗ್ನಲ್ ನೋಡಿ. ಪವರ್ ಸೇವಿಂಗ್ ತೆಗೆದು ನೋಡಿ. ಚಿಪ್ಪಿನ ಹೆಸರು ನೋಡಿ, ನನ್ನದೇ ಚಿಪ್ಪಾದರೆ ಆಂಟ್_ಸೆಲ್ 1, 2 ಎರಡನ್ನೂ ಹಾಕಿ ನೋಡಿ. ಇದಕ್ಕೆಲ್ಲ ಅರ್ಧ ಗಂಟೆಯೂ ಬೇಡ.

ಅದಕ್ಕೂ ಮೊದಲು, ಊರಿನಿಂದ ಫೋನ್ ಮಾಡಿ "ಹಿಂಗಾಗೇತಿ" ಅಂತ ಹೇಳುವವರ ಮಾತನ್ನ ಪೂರ್ತಿ ಕೇಳಿಸಿಕೊಳ್ಳಿ. ನಾನಂತೂ ಕಲಿತೆ, ಸ್ವಲ್ಪ ತಡವಾಗಿ.