ದುಡಿಯ ಸದ್ದು

"ಪುಸ್ತಕದಷ್ಟು ಚೆನ್ನಾಗಿಲ್ಲ ಬಿಡೋ." ಕಾದಂಬರಿ ಆಧರಿಸಿದ ಯಾವ ಸಿನಿಮಾ ನೋಡಿದ್ರೂ ನನ್ನ ಬಾಯಿಂದ ಬರೋ ಮೊದಲ ಮಾತು ಇದು. ಶಿವರಾಮ ಕಾರಂತರ 'ಚೋಮನ ದುಡಿ' ಪಿಯುಸಿಯಲ್ಲಿದ್ದಾಗಿಂದ ನನ್ನ ಫೇವರಿಟ್. ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಜೊತೆ ಅದರ ಸಿನಿಮಾ ಹಾಕಿದಾಗಲೂ ತಪ್ಪು ಹುಡುಕೋಕೆ ರೆಡಿಯಾಗೇ ಕೂತಿದ್ದೆ.

ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಒಂದು ತುಂಡು ಗದ್ದೆ ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಜಾತಿಯ ಕಾರಣಕ್ಕೆ ಅದು ಸಿಗದ ಸಂಕಟ, ಇದನ್ನೆಲ್ಲ ಪುಸ್ತಕದಲ್ಲಿ ಲೇಖಕರೇ ನಮಗೆ ಬಿಡಿಸಿ ಹೇಳುತ್ತಾರೆ. ಸಿನಿಮಾದಲ್ಲಿ ಆ ಕೆಲಸ ಮಾಡೋದು ಎಂ.ವಿ. ವಾಸುದೇವರಾಯರ ಮುಖ, ಮತ್ತೆ ದುಡಿ. ಓದುವಾಗ ಆ ಸದ್ದನ್ನು ನನಗೆ ಬೇಕಾದಷ್ಟೇ ಕೇಳಿಸಿಕೊಂಡಿದ್ದೆ. ಇಲ್ಲಿ ಅದು ನನ್ನ ಕೈಲಿರಲಿಲ್ಲ.

ಮುಗಿದ ಮೇಲೆ, "ಬುಕ್ಕಲ್ಲಿ ಇನ್ನೂ ಡೀಟೇಲಾಗಿದೆ" ಅಂತ ಶುರು ಮಾಡಿದೆ. ರೂಮ್‌ಮೇಟ್ ಲ್ಯಾಪ್‌ಟಾಪ್ ಮುಚ್ಚಿ, "ನಮ್ಮಜ್ಜಂಗೂ ಸಾಯೋವರೆಗೆ ಒಂದು ಗುಂಟೆ ಜಮೀನಿರ್ಲಿಲ್ಲ ಕಣೋ" ಅಂದ. ಮೂರು ಸೆಮಿಸ್ಟರ್ ಒಂದೇ ರೂಮಿನಲ್ಲಿದ್ದರೂ ನನಗಿದು ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಪುಸ್ತಕ ಈಗಲೂ ನನಗಿಷ್ಟ. ಆದರೆ ಚೋಮನ ಕಷ್ಟವನ್ನ ಅಲ್ಲಿ ನಾನೊಬ್ಬನೇ ಓದಿ, ಯಾವತ್ತೋ ಮುಗಿದು ಹೋದ ಕಥೆ ಅಂದ್ಕೊಂಡಿದ್ದೆ. ಸಿನಿಮಾನ ಅವನ ಪಕ್ಕ ಕೂತು ನೋಡಿದೆ.

ನನ್ನ ಪುಸ್ತಕ ಈಗ ಅವನ ಹತ್ರ ಇದೆ. ಎರಡರಲ್ಲಿ ಯಾವುದು ಚೆನ್ನಾಗಿದೆ ಅಂತ ಓದಿ ಅವನೇ ಹೇಳಲಿ. ಈ ಸಲ ನಾನು ಸುಮ್ನೆ ಕೇಳ್ತೀನಿ.